ಲಿವರ್‌ಪೂಲ್‌ಗೆ ಒಯ್ದ ಮದುವೆ ಶೂ

ಲಿವರ್‌ಪೂಲ್ ಬಂದರಿನ ಸುಲ್ತಾನರೂ ಮೂರು ವರ್ಷದಿಂದ ನನ್ನೊಡನೆ ಮಾತು ಬಿಟ್ಟ ಮಹಾನುಭಾವರೂ ಆದ ಶಾಕಿರ್ ಸಾಹೇಬರ ದಿವ್ಯ ಸನ್ನಿಧಿಗೆ,

ಈ ಡಿಸೆಂಬರ್‌ನಲ್ಲಿ ತಮ್ಮ ಊರು ನೋಡಿ ಬಂದೆ. ನದಿಯಲ್ಲಿ ಫೆರಿ ಹತ್ತಿದೆ, ಹಳೆಯ ಹಡಗುಕಟ್ಟೆ ಸುತ್ತಿದೆ. ನಲವತ್ತು ಫ್ಯಾರನ್‌ಹೀಟ್‌ಗೇ, ಅಂದರೆ ನಾಲ್ಕು ಡಿಗ್ರಿ ಸೆಲ್ಸಿಯಸ್‌ಗೇ, ಅಲ್ಲಿನವರು ಯಾಕೆ ನಡುಗುತ್ತಾರೆ? ಅಮೆರಿಕದ ಹಿಮ ಬೀಳುವ ನಮ್ಮ ಎಲ್ಕ್ ಗ್ರೋವ್‌ನಲ್ಲಿ ಅದು ಟೀ ಶರ್ಟ್ ಹವೆಯಲ್ಲವೇ?

ಕೊನೆಯ ಕೆಲಸ ತಮ್ಮ ತಾಯಿ ಗುಲ್‌ಶನ್ ಆಂಟಿ ಕೊಟ್ಟದ್ದು: "ನಿಕಾಹ್ ದಿನ ಅವನ ಶೂ ಬಚ್ಚಿಟ್ಟು ಹಿಮದಲ್ಲಿ ಸಾಕ್ಸ್‌ನಲ್ಲೇ ನಡೆಸಿದ್ಯಲ್ಲ, ಕೋತಿ! ವಾಪಸ್ ಕೊಟ್ಟು ಸಾರಿ ಕೇಳಿ ಬಾ."

ತಮ್ಮ ಮನೆ ಬಾಗಿಲ ಮುಂದೆ ಶೂ ಇಟ್ಟು, ಬೆಲ್ ಒತ್ತಿ ಓಡಿದೆ. ತೆರೆದಾಗ ತಮ್ಮ ಮುಖ ಹೇಗಿತ್ತು?

ಈ ಪತ್ರ ಕಳಿಸುವುದಿಲ್ಲವಾದ್ದರಿಂದ ನಿಜ ಹೇಳುತ್ತೇನೆ. ಇಟ್ಟದ್ದು ಒಂದೇ ಶೂ ಕಣೋ. ಇನ್ನೊಂದನ್ನು ಕೇಳೋಕಾದ್ರೂ ನೀನು ಫೋನ್ ಮಾಡ್ತೀಯ ಅಂತ.