ಕರೆಯದೆ ಬರುವವರು

ಗೋರ್ನಿ ಬ್ರೋದ್, ಬಲ್ಗೇರಿಯಾ
ಅಕ್ಟೋಬರ್ ೧೫, ೨೦೧೯

ನನ್ನ ಮುದ್ದಿನ ರಾಲಿಗೆ,

ನಿನ್ನ ಅಮ್ಮ ಚೆನ್ನಾಗಿದ್ದಾಳೆ, ಅದನ್ನು ಮೊದಲು ಬರೆದುಬಿಡುತ್ತೇನೆ. ಹೋದ ವಾರ ಫೋನಿನಲ್ಲಿ ನನ್ನ ದನಿ ಕೇಳಿ ನೀನು ಗಾಬರಿಯಾಗಿದ್ದೆ. ನಿನ್ನ ಪುಸ್ತಕ ಊರಿಗೆ ಬಂದಾಗಿನಿಂದ ನನಗೆ ನೆಮ್ಮದಿಯೇ ಇರಲಿಲ್ಲ.

ಕಮ್ಯುನಿಸ್ಟರ ಕಾಲ ಮುಗಿದ ಮೇಲೆ ನಾವೆಲ್ಲ ಏನಾದೆವು ಎಂದು ನೀನು ಬ್ರಸೆಲ್ಸ್‌ನಲ್ಲಿ ಕೂತು ಬರೆದದ್ದನ್ನು ಅಲ್ಲಿನ ಪ್ರೊಫೆಸರುಗಳು ಹೊಗಳಲಿ, ಸಂತೋಷ. ಆದರೆ ನಾಲ್ಕನೇ ಅಧ್ಯಾಯ ಪೂರ್ತಿ ನಮ್ಮ ನೂಲಿನ ಗಿರಣಿಯ ಹೆಂಗಸರದ್ದು. ಯೂರೋಪ್ ಕೊಟ್ಟ ಹಣದಲ್ಲಿ ಕಲ್ಲು ಹಾಸಿದ ಚೌಕದಲ್ಲೇ ನಿಂತು ಯೂರೋಪನ್ನು ಬೈಯುವ ಪಕ್ಷಕ್ಕೆ ಓಟು ಹಾಕುತ್ತಾರೆ, ಮುಚ್ಚಿದ ಗಿರಣಿಗಾಗಿ ಇನ್ನೂ ಅಳುತ್ತಾರೆ ಎಂದು ನೀನು ಬರೆದೆ. ಹೆಸರು ಬದಲಿಸಿದರೇನು ಬಂತು? ನೀನು ಬರೆದ ಹಾಗೆ ಬಾಯಲ್ಲಿ ಸಿಗರೇಟು ಇಟ್ಟುಕೊಂಡೇ ಮೇಸ್ತ್ರಿಗೆ ಎದುರುತ್ತರ ಕೊಡುತ್ತಿದ್ದವಳು ಊರಿಗೆಲ್ಲ ನಮ್ಮ ಡೊಬ್ರಿಂಕ ಒಬ್ಬಳೇ. ಅಷ್ಟು ವರ್ಷ ನನ್ನ ಪಕ್ಕದ ಯಂತ್ರದಲ್ಲಿ ನೂಲು ತೆಗೆದವಳು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟಳು.

ನಿನ್ನೆ ಸಂತ ಪೆತ್ಕಳ ದಿನ, ನನ್ನ ಹೆಸರಿನ ಹಬ್ಬ. ನಿನಗೆ ಗೊತ್ತಲ್ಲ, ಆ ದಿನಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ. ಬೇಕಾದವರು ತಾವೇ ಬರುತ್ತಾರೆ, ಬಾರದಿದ್ದರೆ ಅದೇ ಉತ್ತರ. ಚೀಸ್ ತುಂಬಿದ ಬಾನಿತ್ಸ ಬೇಯಿಸಿ, ಎಲೆಕೋಸಿನ ಸುರುಳಿ ಮಾಡಿ, ರಕಿಯಾ ಸಾರಾಯಿಯ ಬಾಟಲಿ ಇಟ್ಟು ಕೂತೆ. ಮಧ್ಯಾಹ್ನ ಕಳೆದರೂ ಒಂದು ನರಪಿಳ್ಳೆಯೂ ಇಲ್ಲ. ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು. ವಯಸ್ಸಾದ ಕಾಲಕ್ಕೆ ಇರುವ ನಾಲ್ಕು ಗೆಳತಿಯರನ್ನೂ ನನ್ನಿಂದ ಕಿತ್ತುಕೊಂಡೆಯಲ್ಲ ಅನ್ನಿಸಿತು.

ಸಂಜೆಗೆ ಬಾಗಿಲು ದಬದಬ ಬಡಿದರು. ಎದುರಿಗೆ ಡೊಬ್ರಿಂಕ, ಹಿಂದೆ ಗಿರಣಿಯವರೆಲ್ಲ. "ಏನೇ ಪೆತ್ಕಾ, ಸಾವಿನ ಮನೇಲಿ ಕೂತಂಗೆ ಕೂತಿದೀಯ? ಪುಸ್ತಕ ಪೂರ್ತಿ ಓದದೆ ನಿನ್ ಮನೆ ಮೆಟ್ಲು ಹತ್ತಬಾರ್ದು ಅಂತ ಕೂತಿದ್ವಿ. ನಿನ್ ಮಗಳ ಒಂದೊಂದ್ ವಾಕ್ಯನೂ ಮುಗಿಯೋದೇ ಇಲ್ವಲ್ಲೇ," ಅಂದಳು. ಅವಳದೊಂದು ದೂರಿದೆ, ಕೇಳು. "ನಾನು ಅಳ್ತಿದ್ದೆ ಅಂತ ಬರ್ದಿದಾಳೆ. ನಾನೆಲ್ಲಿ ಅಳ್ತಿದ್ದೆ? ಬೈತಿದ್ದೆ. ಏನಂತ ಬೈದೆ ಅಂತಾನೂ ಅವಳಿಗೆ ಹೇಳಿದ್ದೆ, ಅದನ್ನ ಯಾಕೆ ನುಂಗಿದ್ಲು?" ಓಟಿನ ವಿಷಯಕ್ಕೆ ಸಿಟ್ಟಿಲ್ಲವೇ ಎಂದು ಕೇಳಿದೆ. "ಹಾಕಿದ್ದು ನಿಜ ತಾನೆ? ಯಾಕೆ ಹಾಕಿದ್ವಿ ಅನ್ನೋದು ಮಾತ್ರ ಅವಳ ತಲೆಗೆ ಹೋಗಿಲ್ಲ ಬಿಡು," ಎಂದು ಬಾನಿತ್ಸಕ್ಕೆ ಕೈ ಹಾಕಿದಳು.

ಹೋದ ಜೀವ ಬಂದ ಹಾಗಾಯಿತು, ರಾಲಿ. ತಟ್ಟೆ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತು ಬಂದೆ.

ಮುಂದಿನ ಮುದ್ರಣದಲ್ಲಿ ಆ ಬೈಗುಳವನ್ನು ಸೇರಿಸು. ಓದುತ್ತಾ ಕೂತು ಊಟ ಮರೆಯಬೇಡ.

ನಿನ್ನ ಪ್ರೀತಿಯ ಅಮ್ಮ,
ಪೆತ್ಕ

ಮರೆತ ಮಾತು: ನೀನು ಊರಿನ ಹೆಂಗಸರನ್ನೆಲ್ಲ ಕೂರಿಸಿಕೊಂಡು ಯಾರಿಗೆ ಓಟು ಎಂದು ಕೇಳಿದೆ, ನನ್ನನ್ನು ಕೇಳಲಿಲ್ಲ. ಅಮ್ಮ ನನ್ನ ಕಡೆಯೇ ಎಂದು ನೀನು ಅಂದುಕೊಂಡೆ. ನಾನೂ ಆ ಪಕ್ಷಕ್ಕೇ ಹಾಕಿದ್ದು, ಮಗಳೇ. ನಿನ್ನೆ ಅವರಿಗೆಲ್ಲ ಹೇಳಿದೆ, ಇವತ್ತು ನಿನಗೆ ಹೇಳಿ ಹಗುರಾದೆ. ಯಾಕೆ ಎಂದು ಬಂದು ಕೇಳು, ಫೋನಿನಲ್ಲಿ ಹೇಳುವುದಿಲ್ಲ.