ನಿನ್ನ ಸಾವಿನೂಟದ ಹಂದಿ

ಗೊರೋಕಾ, ಮಂಗಳವಾರ

ಅಪ್ಪಾ,

ಈ ಬೆಟ್ಟದ ಜನಕ್ಕೆ ಎಂಥ ಅಭ್ಯಾಸ ಹಿಡಿಸಿ ಹೋಗಿದ್ದೀಯ. ಈಗ ನಿನ್ನ ಜಾಗದಲ್ಲಿ ವಿಮಾನ ಹಾರಿಸುತ್ತಿರುವ ನಾನು ಯಾವುದಕ್ಕೆ ಬೇಡ ಎಂದರೂ ಒಂದೇ ಮಾತು: "ನಿಮ್ಮಪ್ಪ ಆಗಿದ್ರೆ ಒಯ್ತಿದ್ದ."

ಇವತ್ತು ನಿನ್ನ ತಂಗಿ ಯಾಂಬೆ ಅತ್ತೆ ಹಂದಿ ಹಿಡಿದುಕೊಂಡು ಬಂದಳು. ನಾಳೆ ಕಣಿವೆಯಾಚೆಯ ನಮ್ಮೂರಿನಲ್ಲಿ ನಿನ್ನ ಹೆಸರಿನ ಊಟ, ಹಂದಿ ಜೀವಂತ ತಲುಪಬೇಕು. ತೂಕದ ಮೆಷಿನ್ ಮೇಲೆ ನಿಲ್ಲಿಸಿದರೆ, ಅದರ ಹೊಟ್ಟೆಯಡಿ ಕೈಕೊಟ್ಟು ಸದ್ದಿಲ್ಲದೆ ಮೇಲೆತ್ತಿ ಹಿಡಿದಳು.

"ಅತ್ತೆ, ಕೈ ತೆಗಿ."

"ನಿಮ್ಮಪ್ಪ ತೂಕಾನೇ ನೋಡ್ತಿರ್ಲಿಲ್ಲ."

ವಿಮಾನ ಮೇಲೇರಿದ ಮೇಲೆ ಹಂದಿ ಹಗ್ಗ ಕಡಿದುಕೊಂಡು ಬಂದು ನನ್ನ ಮೊಣಕೈಗೆ ಮೂತಿ ಒತ್ತಿ ನಿಂತಿತು. ಅತ್ತೆ ಅದರ ಹೊಟ್ಟೆ ಕೆರೆದು ಕೆರೆದು ಅಲ್ಲೇ ಮಲಗಿಸಿದಳು. ಅಷ್ಟರಲ್ಲಿ ಎದುರಿನ ಕಣಿವೆಯ ಬಾಯಿಗೆ ಮೋಡ ಕವಿಯಿತು. ನಾನು ವಿಮಾನ ತಿರುಗಿಸಿದೆ.

"ಯಾಕೆ ವಾಪಸ್ಸು? ನಿಮ್ಮಪ್ಪ ಆಗಿದ್ರೆ ಇದ್ರೊಳಗೇ ನುಗ್ತಿದ್ದ."

"ನುಗ್ಗಿದ್ನಲ್ಲ ಅತ್ತೆ, ಹೋದ ವರ್ಷ. ಅದಕ್ಕೇ ತಾನೇ ಈ ಹಂದಿ."

ಹಂದಿಗೆ ನಿದ್ದೆ ಹತ್ತಿದ್ದರೂ ಅತ್ತೆ ವಿಮಾನ ಇಳಿಯುವವರೆಗೆ ಅದರ ಹೊಟ್ಟೆ ಕೆರೆಯುತ್ತಲೇ ಇದ್ದಳು.

ಈಗ ಅದು ನನ್ನ ಹಿತ್ತಿಲಿನ ಗೆಣಸನ್ನೆಲ್ಲ ಅಗೆದು ತಿನ್ನುತ್ತಿದೆ. ಅತ್ತೆ ಅದರ ಪಕ್ಕದಲ್ಲೇ ಮುನಿಸಿಕೊಂಡು ಕೂತಿದ್ದಾಳೆ. ಕಣಿವೆ ತೆರೆದ ದಿನ ಹೊರಡುತ್ತೇವೆ, ಅಲ್ಲಿಯವರೆಗೆ ನಿನಗೆ ಊಟವಿಲ್ಲ. ಮೋಡ ಸರಿಯುವವರೆಗೆ ಕಾಯುವುದು ನಿನ್ನಿಂದಾಗದ ಕೆಲಸ, ಗೊತ್ತು. ಈ ಒಂದು ಸಲವಾದರೂ ಕಾದಿರು.