ಅಮ್ಮನ ಬ್ಲಾಗಿನ ಬಗ್ಗೆ ಒಂದು ಮನವಿ

ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ಹೇಳಿದರೆ ನಡುವೆಯೇ ನಗುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನೆ ಬ್ಲಾಗ್ ಬರೆಯುವವರ ಕೂಟದಲ್ಲಿ ನನ್ನ ಭಾಷಣವಿತ್ತು. ಬ್ಲಾಗಿನ ತಂತ್ರಾಂಶ ಬದಲಿಸುವಾಗ ಹಳೆಯ ಬರಹಗಳನ್ನು ಉಳಿಸಿಕೊಳ್ಳುವುದು ಹೇಗೆಂದು ಮುಕ್ಕಾಲು ಗಂಟೆ ಗಂಟಲು ಹರಿದುಕೊಂಡೆ. ಪ್ರಶ್ನೆಗಳಿವೆಯೇ ಎಂದಾಗ ಮುಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರೊಬ್ಬರು ಎದ್ದು, "ಈಗಲೂ ಜಿರಲೆ ಕಂಡ್ರೆ ಮಂಚ ಹತ್ತುತ್ತೀರಾ?" ಎಂದರು. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಜಿರಲೆ ಭಯದ ಬಗ್ಗೆ ನೀನು ಬರೆದದ್ದನ್ನು ಯಾರೋ ಸಾಮಾಜಿಕ ಜಾಲತಾಣದಲ್ಲಿ ಹಂಚಿದ್ದರಿಂದ ಎಲ್ಲರೂ ಓದಿಬಿಟ್ಟಿದ್ದರು. ನಾನೇ ಕೂತು ಕಟ್ಟಿಕೊಟ್ಟ ಬ್ಲಾಗಿನಲ್ಲಿ ನನ್ನದೇ ಮಾನ ಹರಾಜು ಹಾಕಿದ್ದೀಯಲ್ಲಮ್ಮ! ನನ್ನ ಬ್ಲಾಗಿಗೆ ಇರುವುದು ಹನ್ನೊಂದು ಜನ ಓದುಗರು, ಅವರಲ್ಲಿ ನೀನೂ ಒಬ್ಬಳು.

ಆ ಬರಹ ಅಳಿಸು ಎಂದು ಕೇಳಬೇಕೆಂದಿದ್ದೆ. ಆದರೆ ಎಲ್ಲರೂ ಹೋದ ಮೇಲೆ ನಾನು ಕುರ್ಚಿ ಮಡಚುತ್ತಿದ್ದಾಗ ಗ್ರಂಥಪಾಲಕಿಯೊಬ್ಬರು ಹತ್ತಿರ ಬಂದರು. "ನಿಮ್ಮಮ್ಮ ಬರೆದಿದ್ದೆಲ್ಲ ಓದಿದ್ದೀನಿ. ನಿಮ್ಮ ಬಗ್ಗೆ ತಿಳ್ಕೊಳ್ಳೋಕೆ ಇನ್ನೇನೂ ಉಳಿದಿಲ್ಲ. ಆದ್ರೂ ಕಾಫಿಗೆ ಬರ್ತೀರಾ?" ಎಂದರು.

ಆ ಬರಹ ಇರಲಿ ಬಿಡು. ಮುಂದಿನ ಶನಿವಾರ ಕಾಫಿಗೆ ಹೋಗುತ್ತಿದ್ದೇನೆ. ಅದರ ಬಗ್ಗೆ ಮಾತ್ರ ಬರೆಯಬೇಡ, ನಿನ್ನ ದಮ್ಮಯ್ಯ. ಬೆಳಗ್ಗೆ ಎದ್ದ ಕೂಡಲೇ ಅವರು ಓದುವುದು ನಿನ್ನ ಬ್ಲಾಗನ್ನೇ ಅಂತೆ.

ಇಂತಿ,
ನಿನ್ನ ಮಗ